ವಸಡಲ್ಲಿ ರಕ್ತ ಬಂದ್ರೆ ತೂಕ ಯಾಕೆ ಕೇಳ್ತಾರೆ

ಮಾರ್ಚ್ 12, 2025, ಬುಧವಾರ

ಅಕ್ಕನ ಜೊತೆ ಹಲ್ಲಿನ ಡಾಕ್ಟರ್ ಹತ್ರ ಹೋಗಿದ್ದೆ. ಅಳತೆ ಗೆರೆ ಇರೋ ಒಂದು ಸಣ್ಣ ಕಡ್ಡಿನ ಹಲ್ಲಿಗೂ ವಸಡಿಗೂ ಮಧ್ಯೆ ಮೆಲ್ಲಗೆ ಇಳಿಸ್ತಾ ಎರಡು, ಮೂರು, ಮೂರು, ಐದು ಅಂತ ಹೇಳ್ತಾ ಹೋದ್ರು, ಪಕ್ಕದಲ್ಲಿದ್ದವರು ಬರ್ಕೊಂಡ್ರು. 3 ಮಿಲಿಮೀಟರ್ ತನಕ ಪರವಾಗಿಲ್ಲ, ಅದಕ್ಕಿಂತ ಆಳ ಹೋದ್ರೆ ಯೋಚನೆ ಮಾಡ್ಬೇಕು. ಐದು ಅಂದ ಕಡೆ ರಕ್ತ ಜಿನುಗ್ತು. ಆಮೇಲೆ ತೂಕ ಎಷ್ಟು, ಶುಗರ್ ಟೆಸ್ಟ್ ಯಾವಾಗ ಮಾಡ್ಸಿದ್ರಿ ಅಂತ ಕೇಳಿದ್ರು, ಅಕ್ಕಂಗೆ ಬೇಜಾರಾಯ್ತು, ಆದ್ರೆ ಕೇಳಲೇಬೇಕಾದ ಪ್ರಶ್ನೆ ಅದು.

ಹೊಟ್ಟೆ ಸುತ್ತ ಸೇರೋ ಕೊಬ್ಬು ಸುಮ್ನೆ ಬಿದ್ದಿರಲ್ಲ, ಉರಿಯೂತ ಹೆಚ್ಚಿಸೋ ಟಿಎನ್‌ಎಫ್, ಐಎಲ್-6 ಥರದ ವಸ್ತುಗಳನ್ನ ರಕ್ತಕ್ಕೆ ಬಿಡ್ತಾನೇ ಇರತ್ತೆ, ಹಂಗಾಗಿ ಹಲ್ಲಿನ ಬುಡದಲ್ಲಿ ಅಷ್ಟೇ ಪ್ಲಾಕ್ (ಬ್ಯಾಕ್ಟೀರಿಯಾ ತುಂಬಿದ ಅಂಟು ಪದರ) ಇದ್ರೂ ಕೆಲವರ ವಸಡು ಜಾಸ್ತಿ ಊದ್ಕೊಳ್ಳತ್ತೆ. ಶುಗರ್ ಇದ್ರಂತೂ ಎರಡೂ ಕಡೆ ಪೆಟ್ಟು, ಶುಗರ್ ಏರಿದ್ರೆ ವಸಡು ಕೆಡತ್ತೆ, ವಸಡು ಕೆಟ್ರೆ ಶುಗರ್ ಹಿಡಿತಕ್ಕೆ ಬರಲ್ಲ. ಹಾಗಂತ ಸಣ್ಣಗಿರೋರು ಪಾರು ಅಂತಲ್ಲ. ಸಿಗರೇಟ್ ಸೇದೋರಿಗೆ ರಕ್ತವೇ ಕಮ್ಮಿ ಬರತ್ತೆ, ಒಳಗೆ ಮೂಳೆ ಸವೀತಿದ್ರೂ ಗೊತ್ತಾಗಲ್ಲ.

ಊಟದ ವಿಷಯಕ್ಕೆ ನಂಗೆ ಯಾವಾಗ್ಲೂ ನೆನಪಾಗೋದು ಸ್ವಿಟ್ಜರ್ಲೆಂಡ್‌ನ ಒಂದು ಪ್ರಯೋಗ, 2009ರಲ್ಲಿ ಪ್ರಕಟ ಆಗಿದ್ದು. 10 ಜನ 4 ವಾರ ಶಿಲಾಯುಗದವರ ಥರ ಬದುಕಿದ್ರು, ಬ್ರಷ್ ಇಲ್ಲ, ಸಂಸ್ಕರಿಸಿದ ಸಕ್ಕರೆ ಇಲ್ಲ, ಇಡೀ ಧಾನ್ಯ, ಕಾಡಲ್ಲಿ ಸಿಕ್ಕಿದ ಹಣ್ಣು ಸೊಪ್ಪು, ಸ್ವಲ್ಪ ಮಾಂಸ. ಪ್ಲಾಕ್ ಏನೋ ಜಾಸ್ತಿ ಆಯ್ತು, ಆದ್ರೆ ಕಡ್ಡಿ ಹಾಕಿ ನೋಡಿದಾಗ ರಕ್ತ ಬರೋ ಜಾಗಗಳು ಸುಮಾರು ಶೇ. 35ರಿಂದ ಶೇ. 13ಕ್ಕೆ ಇಳಿದ್ವು! ಹತ್ತೇ ಜನ, ನಿಜ, ಅದನ್ನ ನೋಡಿ ಬ್ರಷ್ ಬಿಡೋಕಾಗಲ್ಲ. ಆದ್ರೂ ತಟ್ಟೆಲಿ ಏನಿದೆ ಅನ್ನೋದು ವಸಡಿಗೆ ತಟ್ಟತ್ತೆ ಅನ್ನೋಕೆ ಇದಕ್ಕಿಂತ ಚೆನ್ನಾಗಿರೋ ಉದಾಹರಣೆ ನಾನು ನೋಡಿಲ್ಲ.

ಅಕ್ಕ ಈಗ್ಲೇ ತೂಕ ಇಳಿಸ್ತೀನಿ ಅಂತ ಊಟ ಬಿಡೋಕೆ ಹೊರಟಿದಾಳೆ, ಅದು ಬೇಡ ಅಂದೆ. ಹಣ್ಣು ತರಕಾರಿನೂ ಬಿಟ್ರೆ ವಿಟಮಿನ್ ಸಿ ಸಿಗಲ್ಲ, ಅದಿಲ್ದೆ ವಸಡನ್ನ ಗಟ್ಟಿಯಾಗಿ ಹಿಡಿದಿಡೋ ಕೊಲಾಜೆನ್ ಅನ್ನೋ ಪ್ರೋಟೀನ್ ಸರಿಯಾಗಿ ಕಟ್ಟಲ್ಲ, ವಸಡು ಇನ್ನೂ ಸಡಿಲ ಆಗತ್ತೆ. ಮೊದ್ಲು ಬಿಡಬೇಕಾಗಿರೋದು ಸಿಹಿ ಪಾನೀಯ, ಮಧ್ಯೆ ಮಧ್ಯೆ ತಿನ್ನೋ ಬಿಸ್ಕತ್ತು. ಶನಿವಾರ ವಸಡಿನ ಒಳಗಿನ ತನಕ ಮಾಡೋ ಡೀಪ್ ಕ್ಲೀನಿಂಗ್ ಇದೆ, ಅದಕ್ಕೂ ಮುಂಚೆ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರ್ಸೋ ಎಚ್‌ಬಿಎ1ಸಿ ಟೆಸ್ಟ್ ಮಾಡ್ಸಿ, ಅದನ್ನೂ ವಸಡಿನ ಅಳತೆನೂ ಒಂದೇ ಫೈಲಲ್ಲಿ ಇಡ್ತೀವಿ, ಹಲ್ಲಿನ ಡಾಕ್ಟರಿಗೂ ಶುಗರ್ ನೋಡೋ ಡಾಕ್ಟರಿಗೂ ತೋರ್ಸೋದಕ್ಕೆ.