ಸ್ತನ ಕ್ಯಾನ್ಸರ್ ಮಾದರಿ: ಒಂಟಿ ಕೋಶಗಳು ಕೊನೆಗೂ ಸಾಯುತ್ತಿವೆ

ಸಾಯುತ್ತಿವೆ! ನನ್ನ ಕಂಪ್ಯೂಟರ್ ಮಾದರಿಯಲ್ಲಿ ಗುಂಪು ಬಿಟ್ಟು ಒಂಟಿಯಾಗಿ ಹೊರಟ ಕ್ಯಾನ್ಸರ್ ಕೋಶಗಳು ಈಗ ದಾರಿಯಲ್ಲೇ ಸಾಯುತ್ತಿವೆ. ನಾಲ್ಕೈದು ಜೊತೆಯಾಗಿ ಹೊರಟವು ಮಾತ್ರ ಚೌಕಗಳ ಜಾಲವಾದ ಗ್ರಿಡ್‌ನ ಆಚೆ ಅಂಚಿಗೆ ಹೋಗಿ ಹೊಸ ಗಂಟು ಕಟ್ಟುತ್ತಿವೆ. ಇದನ್ನು ನೋಡಲಿಕ್ಕೇ ಇಷ್ಟು ತಿಂಗಳು ಕೋಶಗಳ ನಡವಳಿಕೆಯನ್ನು ಅನುಕರಿಸುವ ಕಂಪ್ಯೂಸೆಲ್3ಡಿ ತಂತ್ರಾಂಶದ ಜೊತೆ ಗುದ್ದಾಡಿದ್ದು.

ಗ್ರಿಡ್ ಹಾಕುವುದು, ಕೋಶ ತನ್ನ ಗಾತ್ರವನ್ನು ಎಷ್ಟು ಬಿಗಿಯಾಗಿ ಉಳಿಸಿಕೊಳ್ಳಬೇಕು ಎನ್ನುವ ವಾಲ್ಯೂಮ್ ಲ್ಯಾಂಬ್ಡಾ ಹೊಂದಿಸುವುದು, ಕೋಶ ವಿಭಜನೆಯ ಸ್ಟೆಪಬಲ್ (ಹೆಜ್ಜೆ ಹೆಜ್ಜೆಗೂ ಓಡುವ ಪೈಥಾನ್ ತುಣುಕು) ಬರೆಯುವುದು, ಇವೆಲ್ಲ ಇದನ್ನು ಬಳಸುವವರಿಗೆ ಗೊತ್ತೇ ಇದೆ. ನೇರವಾಗಿ ತಲೆ ತಿಂದ ವಿಷಯಕ್ಕೆ ಬರುತ್ತೇನೆ.

ಹಾಲಿನ ನಾಳದ ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಮುಖ್ಯ ಪ್ರೋಟೀನ್ ಇ-ಕ್ಯಾಡ್‌ಹೆರಿನ್. ಮಾದರಿಯಲ್ಲಿ ಅದರ ಜಾಗದಲ್ಲಿ ನಿಲ್ಲುವುದು ಕಾಂಟ್ಯಾಕ್ಟ್ ಎನರ್ಜಿ, ಅಂದರೆ ಎರಡು ಮೈ ತಾಗುವುದಕ್ಕೆ ತೆರಬೇಕಾದ ಬೆಲೆ, ನಮ್ಮ ಜೆ. ಜೆ ಕಡಿಮೆಯಾದಷ್ಟೂ ಹಿಡಿತ ಜಾಸ್ತಿ. ಕೋಶ ಮತ್ತು ಅದರ ಸುತ್ತಲಿನ ಮಾಧ್ಯಮದ ನಡುವಿನ ಜೆ 8 ಇದ್ದರೆ, ಕೋಶ-ಕೋಶದ ಜೆ 16 ದಾಟುವ ತನಕ ಗುಂಪು ಒಟ್ಟಿಗೆ ಇರುತ್ತದೆ. ದಾಟಿತೋ, ಚದುರುತ್ತದೆ. ಲೆಕ್ಕ ಸರಿ, ಚಿತ್ರವೂ ಚೆಂದ. ಆದರೆ ಇ-ಕ್ಯಾಡ್‌ಹೆರಿನ್ ಪೂರ್ತಿ ತೆಗೆದ ಸಿಮ್ಯುಲೇಶನ್ ಓಟದಲ್ಲೇ ದೂರದ ಗಡ್ಡೆಗಳು ಅತಿ ಹೆಚ್ಚು ಬರುತ್ತಿದ್ದವು. ರ್‍ಯಾಂಡಮ್ ಸೀಡ್ (ಯಾದೃಚ್ಛಿಕ ಆಯ್ಕೆಗಳ ಆರಂಭ ಸಂಖ್ಯೆ) ಬದಲಿಸಿದರೂ ಅದೇ, ಕೋಶಗಳ ಅಲುಗಾಟ ನಿರ್ಧರಿಸುವ ಟೆಂಪರೇಚರ್ ಇಳಿಸಿದರೂ ಅದೇ.

ಹಳೆಯ ಕಥೆ ಹೇಳುವುದೂ ಇದನ್ನೇ ಅಲ್ವಾ? ಹಿಡಿತ ಹೋಯಿತು, ಕೋಶ ಓಡಿತು, ರೋಗ ಹರಡಿತು. ಆದರೆ ಸ್ತನ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಡಕ್ಟಲ್ (ಹಾಲಿನ ನಾಳಕ್ಕೆ ಸೇರಿದ) ಬಗೆಯವು. ಅವುಗಳಲ್ಲಿ ಇ-ಕ್ಯಾಡ್‌ಹೆರಿನ್ ಸಾಮಾನ್ಯವಾಗಿ ಉಳಿದೇ ಇರುತ್ತದೆ. ಹರಡಿದ ಜಾಗದ ಗಡ್ಡೆಯಲ್ಲೂ ಅದು ಕಾಣುತ್ತದೆ. 2019ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಆಂಡ್ರ್ಯೂ ಇವಾಲ್ಡ್ ಅವರ ತಂಡ ಇದನ್ನೇ ನೇರವಾಗಿ ಪರೀಕ್ಷಿಸಿತು. ಇ-ಕ್ಯಾಡ್‌ಹೆರಿನ್ ತೆಗೆದಾಗ ಕೋಶಗಳು ಸುತ್ತಲಿನ ಅಂಗಾಂಶಕ್ಕೆ ಹೆಚ್ಚಾಗಿಯೇ ನುಗ್ಗಿದವು. ಆದರೆ ರಕ್ತದಲ್ಲಿ ಸಿಕ್ಕ ಕ್ಯಾನ್ಸರ್ ಕೋಶಗಳು ಕಡಿಮೆಯಾದವು, ದೂರದ ಅಂಗದಲ್ಲಿ ಬೇರೂರಿದ್ದೂ ಕಡಿಮೆಯಾಯಿತು. ನುಗ್ಗುವುದು ಬೇರೆ, ಬದುಕುವುದು ಬೇರೆ. ನನ್ನ ಮಾದರಿ ಮೊದಲನೆಯದನ್ನು ತೋರಿಸುತ್ತಿತ್ತು, ಎರಡನೆಯದರ ಸುದ್ದಿಗೇ ಹೋಗುತ್ತಿರಲಿಲ್ಲ.

ಯಾಕೆಂದರೆ ಜೆ ಬರೀ ಗೋಂದು. ಇ-ಕ್ಯಾಡ್‌ಹೆರಿನ್ ಗೋಂದಿನ ಕೆಲಸವನ್ನೂ ಮಾಡುತ್ತದೆ, ಜೊತೆಗೆ ಕೋಶದ ಒಳಕ್ಕೆ ಸಂಕೇತವನ್ನೂ ಕಳಿಸುತ್ತದೆ. ಅದು ಇಲ್ಲವಾದಾಗ ಟಿಜಿಎಫ್-ಬೀಟಾ ಎಂಬ ಸಂಕೇತದ ದಾರಿ ಚುರುಕಾಗುತ್ತದೆ, ಆಕ್ಸಿಡೇಟಿವ್ ಒತ್ತಡ (ಆಮ್ಲಜನಕದ ಚುರುಕು ಅಣುಗಳಿಂದಾಗುವ ಹಾನಿ) ಏರುತ್ತದೆ, ಕೊನೆಗೆ ಕೋಶ ತನ್ನನ್ನು ತಾನೇ ಮುಗಿಸಿಕೊಳ್ಳುತ್ತದೆ. ಜೆ ಲೆಕ್ಕ ಹಾಕುವ ಕಾಂಟ್ಯಾಕ್ಟ್ ಪ್ಲಗಿನ್‌ನಲ್ಲಿ ಈ ಎರಡನೆಯ ಕೆಲಸಕ್ಕೆ ಜಾಗವೇ ಇಲ್ಲ. ಅದನ್ನು ಪೈಥಾನ್‌ನಲ್ಲಿ ನಾವೇ ಬರೆದು ಸೇರಿಸಬೇಕು.

ತೀರಾ ಸುಲಭದ ನಿಯಮ: ಪಕ್ಕದಲ್ಲಿ ಯಾರೂ ಇಲ್ಲದ ಕೋಶ ಸಾಯಲಿ. ಇದರಿಂದ ಏನೂ ಹೊರಗೇ ಹೋಗುವುದಿಲ್ಲ. ಸ್ವಲ್ಪ ಗಟ್ಟಿ ನಿಯಮ: ಅರ್ಧಕ್ಕಿಂತ ಕಡಿಮೆ ಮೈ ತಾಗುವ ಕೋಶ ಸಾಯಲಿ. ಆಗ ಮೂಲ ಗಡ್ಡೆಯ ಅಂಚಿನ ಕೋಶಗಳೆಲ್ಲ ಉದುರುತ್ತವೆ. ಅವು ಹೋದಮೇಲೆ ಒಳಗಿನವು ಅಂಚಿಗೆ ಬರುತ್ತವೆ, ಅವೂ ಉದುರುತ್ತವೆ. ಪರದೆ ಖಾಲಿಯಾಗುವ ತನಕ ಇದೇ ನಡೆಯಿತು. ಕಂಪ್ಯೂಟರ್ ಫ್ಯಾನ್ ಮಾತ್ರ ರಾತ್ರಿಯಿಡೀ ಕೂಗುತ್ತಿತ್ತು. ಅಮ್ಮ ಒಳಗಿನಿಂದಲೇ, 'ಈ ಹೊತ್ತಲ್ಲಿ ಮಿಕ್ಸಿಗೆ ಏನು ಹಾಕಿದ್ದೀಯೋ?' ಎಂದು ಕೇಳಿದರು.

ಇದರ ಮಧ್ಯೆ ಯುಪಿಎಸ್ ಕಾಟ. ಹೊಸ ಬ್ಯಾಟರಿ ಎಂದು ಒಬ್ಬ ಅಂಗಡಿಯವರು ಕೊಟ್ಟದ್ದು ಗೋದಾಮಿನಲ್ಲಿ ಮಲಗಿದ್ದ ಹಳೇ ಮಾಲು. ಕರೆಂಟ್ ಹೋದ ಎರಡನೇ ನಿಮಿಷಕ್ಕೇ ಅದು ಕೈ ಎತ್ತುತ್ತಿತ್ತು. ವಾರಂಟಿ ಕೇಳಿದರೆ 'ಕಂಪನಿಗೆ ಕಳಿಸಿದ್ದೇವೆ ಸರ್' ಎಂಬ ಒಂದೇ ಉತ್ತರ. ಇದು ಮೋಸ, ಬೇರೆ ಮಾತಿಲ್ಲ. ಉದ್ದದ ಓಟ ಹಾಕುವವರು ಸ್ನ್ಯಾಪ್‌ಶಾಟ್ ಉಳಿಸುವ ಅಂತರ ಕಡಿಮೆ ಇಟ್ಟುಕೊಳ್ಳಿ. ಬ್ಯಾಟರಿಯ ಮೇಲಿನ ತಯಾರಿಕೆ ತಿಂಗಳು ನೋಡದೆ ದುಡ್ಡು ಕೊಡಬೇಡಿ.

ಸರಿ, ಕೆಲಸ ಮಾಡಿದ ನಿಯಮ ಇದು. ಪ್ರತಿ ಕೋಶಕ್ಕೂ 'ಒತ್ತಡ' ಎಂಬ ಒಂದು ಸಂಖ್ಯೆ. ಪಕ್ಕದ ಕೋಶಗಳ ಲೆಕ್ಕ ಇಡುವ ನೇಬರ್ ಟ್ರ್ಯಾಕರ್‌ನಿಂದ ಕೋಶ-ಕೋಶ ತಾಗುವ ಅಳತೆ ತೆಗೆದುಕೊಳ್ಳುತ್ತೇನೆ. ಆ ಅಳತೆ ಕಡಿಮೆಯಿದ್ದಾಗ ಒತ್ತಡ ನಿಧಾನವಾಗಿ ಏರುತ್ತದೆ, ಮತ್ತೆ ತಾಗಿದರೆ ಇಳಿಯುತ್ತದೆ. ಒತ್ತಡ ಮಿತಿ ದಾಟಿದ ತಕ್ಷಣ ಸಾವಿಲ್ಲ, ಸಾಯುವ ಸಂಭವ ಮಾತ್ರ ಎಸ್ ಆಕಾರದ ಹಿಲ್ ಕರ್ವ್‌ನಂತೆ ಏರುತ್ತದೆ. ಸಮಸ್ಯೆ ಬಿಡಿಸಿದ್ದು ಈ ಸಮಯದ ಅಂಶ. ಅಂಚಿನ ಕೋಶ ಆಗಾಗ ಒಳಗೆ ಸರಿದು ಚೇತರಿಸಿಕೊಳ್ಳುತ್ತದೆ. ಪೂರ್ತಿ ಒಂಟಿಯಾದದ್ದಕ್ಕೆ ಚೇತರಿಕೆಯೇ ಇಲ್ಲ. ಇದರ ಮೇಲೆ, ಕೋಶವನ್ನು ಸುತ್ತಲಿನ ನಾರುಜಾಲಕ್ಕೆ ಹಿಡಿಸುವ ಪ್ರೋಟೀನ್ ಇಂಟಿಗ್ರಿನ್‌ನ ಪಾಲೂ ಸೇರಿಸಿದೆ: ಆ ಜಾಲ, ಅಂದರೆ ಮ್ಯಾಟ್ರಿಕ್ಸ್, ತಾಗಿದಾಗ ಒತ್ತಡ ತುಸು ಇಳಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮ್‌ರಾಯ್ ಭಟ್ ಮತ್ತು ಮೋಹಿತ್ ಕುಮಾರ್ ಜಾಲಿ ಅವರ ಗುಂಪುಗಳು ಕ್ಯಾನ್ಸರ್ ಕೋಶ ಮತ್ತು ಮ್ಯಾಟ್ರಿಕ್ಸ್ ಹಿಡಿತದ ಬಗ್ಗೆ ಕಂಪ್ಯೂಟರ್ ಮಾದರಿಗಳನ್ನು ಮಾಡಿವೆ. ಈ ಭಾಗಕ್ಕೆ ಕೈ ಹಾಕುವವರು ಅವನ್ನು ಓದಲೇಬೇಕು.

ನಂತರ ನಿಜವಾದ ಪರೀಕ್ಷೆ. ಇವಾಲ್ಡ್ ತಂಡ ಟಿಜಿಎಫ್-ಬೀಟಾ ಗ್ರಾಹಕ ಪ್ರೋಟೀನನ್ನೋ ಆಕ್ಸಿಡೇಟಿವ್ ಒತ್ತಡವನ್ನೋ ತಡೆದಾಗ, ಇ-ಕ್ಯಾಡ್‌ಹೆರಿನ್ ಇಲ್ಲದ ಕೋಶಗಳು ಮತ್ತೆ ಕಾಲನಿ ಕಟ್ಟಿದ್ದವು. ಹಾಗಾಗಿ ಜೆ ಮುಟ್ಟದೆ, ಒತ್ತಡದ ಏರಿಕೆಯನ್ನಷ್ಟೇ ಸೊನ್ನೆ ಮಾಡಿದೆ. ಒಂಟಿ ಕೋಶಗಳು ಬದುಕಿದವು, ದೂರದ ಗಂಟುಗಳು ವಾಪಸ್ ಬಂದವು. ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದೆ. ಈ ರೋಗ ನಮ್ಮ ಮನೆಯನ್ನೂ ಮುಟ್ಟಿದೆ, ಹಾಗಾಗಿ ಆ ಚುಕ್ಕೆಗಳು ನನಗೆ ಸುಮ್ನೆ ಚುಕ್ಕೆಗಳಲ್ಲ.

ಮಾದರಿಗೆ ಇನ್ನೂ ಹೊಂದದ್ದು ಲೋಬ್ಯುಲರ್ (ಹಾಲಿನ ಗ್ರಂಥಿಗೆ ಸೇರಿದ) ಬಗೆ. ಸ್ತನ ಕ್ಯಾನ್ಸರ್‌ಗಳಲ್ಲಿ ಶೇ. 10ರಿಂದ 15ರಷ್ಟು ಇದೇ. ಬಹುಪಾಲು ಇದರಲ್ಲಿ ಇ-ಕ್ಯಾಡ್‌ಹೆರಿನ್ ಇರುವುದಿಲ್ಲ. ಕೋಶಗಳು ಒಂದರ ಹಿಂದೊಂದು ಸಾಲಾಗಿ ನುಸುಳುತ್ತವೆ, ಹಾಗಿದ್ದೂ ಸಾಯದೆ ಹರಡುತ್ತವೆ. ಇಲ್ಲಿ ಪಿ120-ಕ್ಯಾಟೆನಿನ್ ಎಂಬ ಪ್ರೋಟೀನ್ ಪೊರೆ ಬಿಟ್ಟು ಕೋಶದ ಒಳರಸಕ್ಕೆ ಬರುತ್ತದೆ. ರೋ-ರಾಕ್ ಎಂಬ ಸಂಕೇತದ ದಾರಿಯ ಮೂಲಕ, ಆಸರೆ ಇಲ್ಲದಿದ್ದರೂ ಬದುಕುವ ಶಕ್ತಿ ಕೊಡುತ್ತದೆ. ಅಂದರೆ ಈ ಬಗೆಗೆ ಒತ್ತಡದ ನಿಯಮವನ್ನೇ ಬೇರೆ ಮಾಡಬೇಕು. ಹಿಡಿತಕ್ಕೊಂದು ಗುಂಡಿ, ಸಂಕೇತಕ್ಕೊಂದು ಗುಂಡಿ, ಎರಡೂ ಪ್ರತ್ಯೇಕ ಇರಲೇಬೇಕು ಎಂದು ನಾನು ಹಟ ಹಿಡಿದಿರುವುದು ಇದಕ್ಕೇ.

ಆದರೆ ಮನಸ್ಸು ಆಗಲೇ ಮುಂದಿನ ಪ್ರಾಜೆಕ್ಟ್‌ಗೆ ಓಡಿದೆ: ರಕ್ತನಾಳ. 2014ರಲ್ಲಿ ವಿಜ್ಞಾನಿ ನಿಕೋಲಾ ಆಸೆಟೊ ಮತ್ತು ಸಂಗಡಿಗರು ಇಲಿಗಳಲ್ಲಿ ತೋರಿಸಿದ್ದು ನೆನಪಿದೆಯಾ? ರಕ್ತದಲ್ಲಿ ಕೋಶಗಳ ಗುಂಪು ಅಪರೂಪ. ಆದರೆ ಒಂಟಿ ಕೋಶಕ್ಕೆ ಹೋಲಿಸಿದರೆ ಅದರ ಹರಡುವ ಶಕ್ತಿ 23ರಿಂದ 50 ಪಟ್ಟು. ಅಲ್ಲಿ ಹಿಡಿದಿಡುವುದು ಪ್ಲಾಕೋಗ್ಲೋಬಿನ್ ಎಂಬ ಪ್ರೋಟೀನ್. ಅಷ್ಟು ದೊಡ್ಡ ಗುಂಪು ಕಿರಿದಾದ ಲೋಮನಾಳದಲ್ಲಿ ಸಿಕ್ಕಿಕೊಳ್ಳುವುದಿಲ್ಲವೇ? 2016ರಲ್ಲಿ ಬಾಸ್ಟನ್‌ನ ತಂಡವೊಂದು ಇದನ್ನು ಲೋಮನಾಳದಂಥ ಕಿರಿದಾದ ಕಾಲುವೆಗಳಿರುವ ಚಿಪ್ ಮೇಲೆ ನೋಡಿತು. 20 ಕೋಶಗಳ ಗುಂಪು ಕೂಡ ಸರಪಳಿಯಾಗಿ ಬಿಚ್ಚಿಕೊಂಡು 5ರಿಂದ 10 ಮೈಕ್ರೋಮೀಟರ್ ಸಂದಿಯಲ್ಲಿ ನುಸುಳಿ, ಆಚೆ ಮತ್ತೆ ಗುಂಪಾಯಿತು! ಇದನ್ನು ಪರದೆ ಮೇಲೆ ನೋಡದೆ ನನಗೆ ನಿದ್ದೆ ಬರುವುದಿಲ್ಲ. ಜೆ ಸಾಲದು, ಫೋಕಲ್ ಪಾಯಿಂಟ್ ಪ್ಲಾಸ್ಟಿಸಿಟಿ ಎಂಬ ಪ್ಲಗಿನ್ ಕೊಡುವ ಸ್ಪ್ರಿಂಗ್ ಕೊಂಡಿಗಳು ಬೇಕಾಗುತ್ತವೆ ಎಂದು ನನ್ನ ಅಂದಾಜು. ಕೊಂಡಿ ಹರಿಯುವ ದೂರ ಎಷ್ಟಿಡಬೇಕು ಎಂಬುದೇ ಈಗಿನ ಪ್ರಶ್ನೆ. ಹರಿವು ಸೇರಿಸಿ ಇಂಥದ್ದನ್ನು ಓಡಿಸಿದವರಿದ್ದರೆ ನಿಮ್ಮ ಸಂಖ್ಯೆಗಳನ್ನು ಹೇಳಿ. ಒತ್ತಡದ ಸ್ಟೆಪಬಲ್ ಬೇಕಾದವರು ಕೇಳಿ, ಫೈಲ್ ಕಳಿಸುತ್ತೇನೆ.