ನಮ್ಮ ನದಿಗಳ ಪದಬಂಧ
ಇವತ್ತಿನ ಪದಬಂಧಕ್ಕೆ ನಮ್ಮ ಉತ್ತರ ಕನ್ನಡದ ನದಿಗಳೇ ವಿಷಯ. ಶಿರಸಿಯಲ್ಲಿ ಕೂತು ಬಿಡಿಸೋಕೆ ಇದಕ್ಕಿಂತ ಖುಷಿ ಬೇಕಾ? ಜಾಸ್ತಿ ಇಷ್ಟವಾಗಿದ್ದು ಈ ಸುಳಿವು: 'ಮಾಗೋಡಿನಲ್ಲಿ ಧುಮುಕುವಾಗ ಬೇಡ್ತಿ, ಕಡಲು ಸೇರುವಾಗ? (4)'. ಗಂಗಾವಳಿ! ಅದರ ಮೂರನೇ ಮನೆಯ 'ವ' ಮೇಲಿಂದ ಇಳಿಯುವ ಶರಾವತಿಗೂ ಮೂರನೆಯದೇ, ಹಾಗಾಗಿ ಗುಡ್ಡ ಸುತ್ತಿ ಬೇರೆ ಬೇರೆ ಕಡೆ ಕಡಲಿಗೆ ಇಳಿಯುವ ಎರಡು ನದಿಗಳು ಇಲ್ಲಿ ಒಂದೇ ಮನೆಯಲ್ಲಿ ಸೇರಿಬಿಡುತ್ತವೆ, ಎಂಥಾ ಚಂದದ ಜೋಡಣೆ ಅಲ್ವಾ!

ಆದರೆ ಶರಾವತಿಗೆ ಸುಮ್ನೆ 'ಜೋಗದ ನದಿ' ಅಂತ ಕೊಟ್ಟಿದ್ದು ಸರಿಯಾಗಲಿಲ್ಲ. ತೀರಾ ಸುಲಭ. 'ಹೊನ್ನಾವರದಲ್ಲಿ ಕಡಲು ಸೇರುವವಳು' ಅಂದಿದ್ದರೆ ಸ್ವಲ್ಪ ಯೋಚಿಸಬೇಕಾಗುತ್ತಿತ್ತು. ಅಘನಾಶಿನಿಗೆ ಉಂಚಳ್ಳಿ ಜಲಪಾತದ ಸುಳಿವು ಚೆನ್ನಾಗಿತ್ತು. ಕಾಳಿಗೆ ಎರಡೇ ಮನೆ, ಬರೆದು ಮುಂದೆ ಹೋದೆ. ನಾಳೆ ಮೀನುಗಳಂತೆ, ಕಾರವಾರದವರು ತಯಾರಾಗಿರಿ.