ಕಾವೇರಿಯ ಉಪನದಿಗಳೂ ನೆನಪಿನ ಸೂತ್ರಗಳೂ

ಕೊಡಗಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಬೋಧಿಸುವ ನನಗೆ ನೆನಪಿನ ಸೂತ್ರಗಳ ಬಲವನ್ನೂ ಮಿತಿಯನ್ನೂ ಸ್ಪಷ್ಟವಾಗಿ ತೋರಿಸಿಕೊಟ್ಟದ್ದು ಕಾವೇರಿಯ ಉಪನದಿಗಳ ಪಾಠ.

ಬಲದಂಡೆಯ ಲಕ್ಷ್ಮಣತೀರ್ಥ, ಕಬಿನಿ, ಸುವರ್ಣಾವತಿಗಳಿಗಾಗಿ ವಿದ್ಯಾರ್ಥಿನಿಯೊಬ್ಬಳು ‘ಲಕ್ಷ್ಮಿ ಕಬ್ಬು ಸುಲಿದಳು’ ಎಂಬ ಸಾಲನ್ನು ಕಟ್ಟಿದಳು. ಎಡದಂಡೆಯ ಹಾರಂಗಿ, ಹೇಮಾವತಿ, ಶಿಂಷಾ, ಅರ್ಕಾವತಿಗಳಲ್ಲಿ ಮೊದಲೆರಡರ ಕ್ರಮವನ್ನು ಕಾಗುಣಿತವೇ ಹೇಳುತ್ತದೆ: ‘ಹಾ’ ಮೊದಲು, ‘ಹೇ’ ಆಮೇಲೆ. ನಾನು ಕೊಟ್ಟ ಸಾಲುಗಳಿಗಿಂತ ಮಕ್ಕಳೇ ಕಟ್ಟಿದವು ಹೆಚ್ಚು ಕಾಲ ಉಳಿಯುತ್ತವೆ. ಕಟ್ಟುವಾಗ ಪ್ರತಿಯೊಂದು ಹೆಸರನ್ನೂ ಹಲವು ಸಲ ಮನಸ್ಸಿನಲ್ಲಿ ತಿರುವಿಹಾಕಬೇಕಾಗುವುದೇ ಅದಕ್ಕೆ ಕಾರಣವೆಂದು ನನ್ನ ನಂಬಿಕೆ.

ಆದರೆ ಇಂಥ ಸಾಲು ಹೆಸರನ್ನೂ ಕ್ರಮವನ್ನೂ ಮಾತ್ರ ಹಿಡಿದಿಡುತ್ತದೆ. ಬಲದಂಡೆ ಎಂದರೆ ಯಾವ ಕಡೆ ಎಂಬುದನ್ನು ಅದು ಹೇಳಲಾರದು. ನೀರು ಹರಿಯುವ ದಿಕ್ಕಿಗೆ ಮುಖ ಮಾಡಿ ನಿಂತಾಗ ಬಲಗೈಯ ಕಡೆಗೆ ಬರುವುದು ಬಲದಂಡೆ, ಕಾವೇರಿ ಒಟ್ಟಾರೆ ಪೂರ್ವಕ್ಕೆ ಹರಿಯುವುದರಿಂದ ಅದು ದಕ್ಷಿಣದ ದಂಡೆ ಎಂಬುದು ಮನವರಿಕೆಯಾದ ಮೇಲೆಯೇ ನಾನು ಸೂತ್ರ ಕಟ್ಟಲು ಹೇಳುತ್ತೇನೆ. ಈ ವಿಷಯದಲ್ಲಿ ನಮ್ಮ ಜಿಲ್ಲೆಯ ಮಕ್ಕಳು ಭಾಗ್ಯವಂತರು. ಕುಶಾಲನಗರದ ಕಡೆಯವರಿಗೆ ಹಾರಂಗಿಯು ಕೂಡಿಗೆಯ ಬಳಿ ಕಾವೇರಿಯನ್ನು ಸೇರುವುದು ಗೊತ್ತು. ಶ್ರೀಮಂಗಲದ ಕಡೆಯವರು ಇರ್ಪು ಜಲಪಾತದಲ್ಲಿ ಲಕ್ಷ್ಮಣತೀರ್ಥವನ್ನು ಕಂಡವರು. ಕಂಡ ನದಿಯಿಂದ ಹೊರಟರೆ, ಉತ್ತರದ ಹೇಮಾವತಿಯೂ ದಕ್ಷಿಣದ ಲಕ್ಷ್ಮಣತೀರ್ಥವೂ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕೂಡುವುದು, ಇನ್ನೂ ಕೆಳಗೆ ತಿರುಮಕೂಡಲು ನರಸೀಪುರದಲ್ಲಿ ಕಬಿನಿ ಬಂದು ಸೇರುವುದು ತಾನಾಗಿ ಮನಸ್ಸಿನಲ್ಲಿ ನಿಲ್ಲುತ್ತದೆ.

ನಮ್ಮ ಹಿರಿಯರ ಸೂತ್ರಗಳಲ್ಲಿ ನಾನು ಬಹುವಾಗಿ ಮೆಚ್ಚುವುದು ಛಂದಸ್ಸಿನ ‘ಯಮಾತಾರಾಜಭಾನಸಲಗಂ’. ‘ಯ’ದಿಂದ ಮೂರು ಅಕ್ಷರ ತೆಗೆದುಕೊಂಡರೆ ‘ಯಮಾತಾ’, ಅಂದರೆ ಲಘು, ಗುರು, ಗುರು, ಅದೇ ಯಗಣ. ‘ಮಾ’ದಿಂದ ಎಣಿಸಿದರೆ ಮೂರೂ ಗುರುಗಳಾಗಿ ಮಗಣ ದೊರೆಯುತ್ತದೆ. ಎಂಟು ಗಣಗಳ ಹೆಸರಿನೊಂದಿಗೆ ಅವುಗಳ ಲಕ್ಷಣವೂ ಇದರೊಳಗೇ ಇದೆ. ನದಿಗಳ ಸಾಲಿಗೆ ಆ ಶಕ್ತಿಯಿಲ್ಲದ ಕಾರಣ ಅದರ ಜೊತೆಗೆ ನಕ್ಷೆ ಬೇಕೇ ಬೇಕು.

ಪಾಠ ಮುಗಿದ ಕೆಲವು ದಿನಗಳ ನಂತರ ಪುಸ್ತಕ ಮುಚ್ಚಿಸಿ, ಖಾಲಿ ಹಾಳೆಯಲ್ಲಿ ಕಾವೇರಿಯನ್ನು ಬರೆಸುತ್ತೇನೆ. ಹೆಸರು ಬಿಟ್ಟುಹೋದವರಿಗೆ ತಮ್ಮ ಸಾಲನ್ನು ನೆನಪಿಸಿಕೊಳ್ಳಲು ಹೇಳುತ್ತೇನೆ. ದಂಡೆ ತಪ್ಪಿದವರಿಗೆ ತಲಕಾವೇರಿಯಿಂದ ಬೆರಳಿಟ್ಟು ಮತ್ತೊಮ್ಮೆ ನೀರು ಹರಿಯುವ ಕಡೆಗೆ ಸಾಗಲು ಹೇಳುತ್ತೇನೆ.